ಬಾಯಿಪಾಠದ ಹಾಡು



ಗುಡ್ಡದ ಪಾವಟಿಗೆಯ ಮೇಲೆ ಒಂದು ತಾಸು ಕುಳಿತು ನೋಡಿರಿ. ಕಾಯಿ ಕರ್ಪೂರ ಮರೆತು ಬರುವವರು ಸಿಗುತ್ತಾರೆ, ಬುತ್ತಿ ಮರೆತು ಬರುವವರೂ ಸಿಗುತ್ತಾರೆ. ಆದರೆ ಬಾಯಲ್ಲಿ ಹಾಡಿಲ್ಲದೆ ಹತ್ತುವವರು ಕಡಿಮೆ. ಹುನಗುಂದದ ಕಡೆಯ ತಾಯಂದಿರು ವಚನ ಹೇಳುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿಗೆ ನಡೆದು ಹೋಗುವವರು ದೇವಿಯ ಪದ ಹಾಡುತ್ತಾರೆ. ಒಬ್ಬರು ಶರೀಫರ ತತ್ವಪದ ಗುನುಗುತ್ತಾರೆ. ಹುಡುಗರು ಮೊಬೈಲಿನಲ್ಲಿ ಹಚ್ಚಿಕೊಂಡು ಬರುತ್ತಾರೆ, ಅದೂ ಇರಲಿ. "ನಿಮಗ ಯಾವ ಹಾಡು ಭಾಳ ಸೇರತೈತ್ರೀ?" ಅಂತ ಕೇಳಿದರೆ ಎಲ್ಲರೂ ಹೇಳುತ್ತಾರೆ. "ಯಾಕ ಸೇರತೈತಿ?" ಅಂದರೆ ಸುಮ್ಮನಾಗುತ್ತಾರೆ. ಬಹಳ ಒತ್ತಾಯ ಮಾಡಿದರೆ "ಧಾಟಿ ಛಲೋ ಐತ್ರಿ" ಅನ್ನುತ್ತಾರೆ.

ಧಾಟಿ ಛಲೋ ಇರುವುದು ಸಣ್ಣ ಮಾತಲ್ಲ. 12ನೇ ಶತಮಾನದ ಶರಣರ ಮಾತು ಎಷ್ಟೋ ಕಾಲ ಓಲೆಗರಿಯ ಕಟ್ಟಿನಲ್ಲಿ ಇತ್ತು. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಮಾಡಿಸಿದರು. ಓದು ಬಂದವರಿಗೆ ಅದು ಮುಟ್ಟಿತು. ಓದು ಬಾರದವರಿಗೆ ಮುಟ್ಟಿಸಿದವರು ಗವಾಯಿಗಳು. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ 1909ರಲ್ಲಿ ಶಿವಯೋಗಮಂದಿರ ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು ಮತ್ತು ಬಸವರಾಜ ರಾಜಗುರು. ಇತ್ತ ಮಲ್ಲಿಕಾರ್ಜುನ ಮನ್ಸೂರರೂ ವಚನಗಳನ್ನು ಹಾಡಿದರು. ರೇಡಿಯೋ ಬಂತು, ಕ್ಯಾಸೆಟ್ ಬಂತು. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳ ಬಾಯಿಗೂ ಬಸವಣ್ಣ ಬಂದ.

ಬಾಯಿಗೆ ಬಂದ. ಆದರೆ ಬಾಯಿಂದ ಕೆಳಗೆ ಇಳಿಯಲಿಕ್ಕೆ ಒಬ್ಬ ಯಜಮಾನನಿಗೆ ಮೂವತ್ತು ವರ್ಷ ಹಿಡಿಯಿತು. ಅವನ ಹೆಸರು, ಊರು ಇಲ್ಲಿ ಬೇಡ. ಬಾಗಲಕೋಟೆ ಸುತ್ತಿನ ಮುಳುಗಡೆ ಊರುಗಳಲ್ಲಿ ಇಂಥ ಸಂಗತಿ ಮನೆಗೊಂದು ಇದ್ದಾವು.

ಈ ಯಜಮಾನ ಹೊಳೆದಂಡೆಯ ಹಳ್ಳಿಯವನು. ಸೋಮವಾರಕ್ಕೊಮ್ಮೆ ಊರ ಗುಡಿಯಲ್ಲಿ ಭಜನಿ. ಒಬ್ಬ ಪೇಟಿ ಬಾರಿಸಿದರೆ ಇವನು ತಾಳ ಹಿಡಿದು ಮುಂದೆ ಹಾಡುವವನು. ಇವನ ಮೆಚ್ಚಿನ ಹಾಡು ಬಸವಣ್ಣನವರ ಒಂದು ವಚನ. ನಿಮಗೆಲ್ಲ ಗೊತ್ತಿದ್ದದ್ದೇ: ರೊಕ್ಕವಿದ್ದವರು ಶಿವನಿಗೆ ಕಲ್ಲಿನ ಮನೆ ಕಟ್ಟಿಸುತ್ತಾರೆ, ಬಡವ ತನ್ನ ಮೈಯನ್ನೇ ಗುಡಿ ಮಾಡಿ ಒಪ್ಪಿಸುತ್ತಾನೆ, ಕಟ್ಟಿ ನಿಲ್ಲಿಸಿದ್ದು ಒಂದು ದಿನ ಬೀಳುತ್ತದೆ, ನಡೆದಾಡುವುದು ಉಳಿಯುತ್ತದೆ ಅಂತ ಸಾರುವ ವಚನ. ಇವನಿಗೆ ಇದ್ದದ್ದು ಸ್ವಲ್ಪ ಹೊಲ. ಹಾಡು ಶುರುವಾದಾಗ ಊರ ಸಿರಿವಂತರು ಕುಳಿತ ಕಡೆಗೆ ಒಮ್ಮೆ ಕಣ್ಣು ಹಾಯಿಸುವನು. 'ಕೇಳ್ರಿ, ಇದು ನಿಮಗ ಹೇಳಿದ್ದು' ಅನ್ನುವ ಹಂಗ. ಬಡವನ ಮಾತು ಬಂದಾಗ ದನಿ ಏರಿಸುವನು. ಅದು ತನ್ನ ಪಾಲು ಅಂತ ಅವನಿಗೆ ಖಾತ್ರಿ ಇತ್ತು.

ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರು 519.60 ಮೀಟರಿಗೆ ನಿಲ್ಲುವ ಹೊತ್ತಿಗೆ ಒಂದು ಪೀಳಿಗೆಯೇ ಕಳೆದಿತ್ತು. ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು, ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ನಮ್ಮ ಯಜಮಾನನ ಹೊಲ, ಮನೆ, ಭಜನಿಯ ಗುಡಿ ಮೂರೂ ನೀರಿಗೆ ಹೋದವು. ಪರಿಹಾರದ ರೊಕ್ಕ ಬಂತು. ಹುಟ್ಟಿದಾಗಿನಿಂದ ಕಾಣದಷ್ಟು ರೊಕ್ಕ.

ಅವನಿಗೊಬ್ಬ ತಂಗಿ, ಇಳಕಲ್ಲಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡಿದ್ದ. ರೊಕ್ಕ ಬರುವ ಮೊದಲು ಯಜಮಾನ ಹೋಗಿ ಹಕ್ಕು ಬಿಟ್ಟ ಕಾಗದಕ್ಕೆ ಅವಳ ಸಹಿ ಹಾಕಿಸಿಕೊಂಡು ಬಂದ. ಒಂದು ಸೀರಿ, ಒಂದು ಕುಬುಸ ಕೊಟ್ಟ. ಅವಳು ಏನೂ ಅನ್ನಲಿಲ್ಲ.

ಹೊಸ ಊರಿನಲ್ಲಿ ಗುಡಿ ಬೇಕಲ್ಲ? "ಪೂರಾ ಖರ್ಚು ನಂದು" ಅಂದ ಯಜಮಾನ. ಬಾದಾಮಿ ಕಡೆಯ ಕೆಂಪು ಕಲ್ಲು ತರಿಸಿದ. ತನ್ನ ಹೆಸರು, ತಂದೆಯ ಹೆಸರು ಕೆತ್ತಿಸಿದ ಕಲ್ಲು ಗುಡಿಗಿಂತ ಮೊದಲೇ ತಯಾರಾಯಿತು. ಅಲ್ಲಿಯತನಕ ಭಜನಿ ತಗಡಿನ ಶೆಡ್ಡಿನಲ್ಲಿ. ಒಂದು ಸೋಮವಾರ ತಾಳ ಹಿಡಿದು ಅದೇ ವಚನ ಎತ್ತಿಕೊಂಡ. ಮುಂದೆ ಕುಳಿತ ಒಂದು ಸಣ್ಣ ಹುಡುಗ ಕೇಳಿದ: "ಅಜ್ಜಾರ, ಈಗ ಗುಡಿ ಕಟ್ಟಸಾವ್ರು ನೀವ ಅಲ್ಲೇನ್ರೀ?"

ಹುಡುಗನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕೂತವರು ನಕ್ಕರು. ಯಜಮಾನನಿಗೆ ಮುಂದಿನ ಸಾಲು ಬರಲಿಲ್ಲ. ಬಾಯಿಪಾಠದ ಹಾಡು, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಂಥದ್ದು! ತಾಳ ಕೆಳಗೆ ಇಟ್ಟ.

ಭಕ್ತರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾಡಿನಲ್ಲಿ ನಮ್ಮ ಅರ್ಥ ಕಂಡುಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಾವು ಮಾಡುವುದೇನು? ಹಾಡಿನೊಳಗೆ ಒಳ್ಳೆಯವರ ಜಾಗ ಯಾವುದೋ ಅಲ್ಲಿ ಹೋಗಿ ಕುಳಿತುಬಿಡುತ್ತೇವೆ. ಬೈಗುಳ ಇದ್ದ ಸಾಲು ಬಾಜೂ ಮನೆಯವರಿಗೆ, ಸಮಾಧಾನ ಇದ್ದ ಸಾಲು ನಮಗೆ. ಮೂವತ್ತು ವರ್ಷ ಹಾಡಿದರೂ ಆ ಯಜಮಾನನಿಗೆ ಹಾಡು ಏನೂ ಕೇಳಿರಲಿಲ್ಲ, ಬರೇ ಶಹಬ್ಬಾಸ್ ಹೇಳಿತ್ತು.

ಮೊದಲು ಅವನು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಬಸವಣ್ಣನವರು ಸಂಗಮನಾಥನ ಗುಡಿಯಲ್ಲೇ ಬೆಳೆದವರಲ್ಲವೇ, ಗುಡಿ ಕಟ್ಟಿದರೆ ಏನು ತಪ್ಪು? ವಾದ ಸರಿಯಾಗಿಯೇ ಇತ್ತು, ನಿದ್ದೆ ಮಾತ್ರ ಬರಲಿಲ್ಲ. ಮುಂಜಾನೆ ಬಸ್ಸು ಹಿಡಿದು ಕೂಡಲಸಂಗಮಕ್ಕೆ ಹೋದ.

ಕೃಷ್ಣೆ, ಮಲಪ್ರಭೆ ಕೂಡುವ ಆ ಜಾಗ ಈಗ ನಾರಾಯಣಪುರ ಜಲಾಶಯದ ಹಿನ್ನೀರು. ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ದುಂಡಗೆ ಗೋಡೆ ಎತ್ತಿ ಉಳಿಸಿದ್ದಾರೆ. ಹೊರಗೆ ನೀರು, ಒಳಗೆ ಮೆಟ್ಟಿಲು ಇಳಿದು ಕೆಳಗೆ ಹೋದರೆ ಐಕ್ಯಲಿಂಗ. ಯಜಮಾನ ಇಳಿದು ಕುಳಿತ. ತನ್ನೂರ ಗುಡಿಗೆ ಯಾರೂ ಗೋಡೆ ಕಟ್ಟಲಿಲ್ಲ ಅಂತ ಕಣ್ಣಲ್ಲಿ ನೀರು ಬಂತು. ನಿಂತದ್ದು ಬೀಳುತ್ತದೆ ಎಂಬ ಮಾತು ಅವನಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ನೀರು ಹೊಸ್ತಿಲು ಏರಿದ್ದನ್ನು ನೋಡಿದವನು ಅವನು. ಹಾಗಾದರೆ ನಡೆದಾಡುವುದು ಯಾವುದು? ಜಂಗಮ ಅಂದರೆ ಬರೇ ಕಾವಿ ತೊಟ್ಟವರು ಅಂತ ಪ್ರವಚನದಲ್ಲಿ ಹೇಳಿಬಿಡುತ್ತಾರೆ, ಅಷ್ಟಕ್ಕೇ ಮುಗಿಯುವ ಮಾತಲ್ಲ ಅದು. ಬಾಗಿಲಿಗೆ ನಡೆದು ಬಂದು ನಿಲ್ಲುವ ಜೀವ ಯಾವುದು ಅಂತ ಯೋಚಿಸಿದರೆ, ನಾಗರ ಪಂಚಮಿಗೆ ಕೈಯಲ್ಲಿ ಚೀಲ ಹಿಡಿದು ಬರುತ್ತಿದ್ದ ತಂಗಿ ನೆನಪಾದಳು. ಮುಳುಗಡೆಯಾದ ಮೇಲೆ ಅವಳು ಬಂದಿರಲಿಲ್ಲ. ಅವನು ಕರೆದಿರಲೂ ಇಲ್ಲ.

ಸಂಗಮದಿಂದ ಸೀದಾ ಇಳಕಲ್ಲಿಗೆ ಹೋದ. ಇಳಕಲ್ಲ ಊರಿಗೆ ಕೇಳುವ ಪದ್ಧತಿ ಗೊತ್ತು. ಅಲ್ಲಿಯ ಮಠದ ಮಹಾಂತ ಶಿವಯೋಗಿಗಳು 1975ರಿಂದ ಮನೆ ಮನೆಗೆ ಜೋಳಿಗೆ ಹಿಡಿದು ಹೋಗಿ ಜೋಳ ಕೇಳಲಿಲ್ಲ, ರೊಕ್ಕ ಕೇಳಲಿಲ್ಲ, "ನಿಮ್ಮ ಚಟ ಹಾಕ್ರಿ" ಅಂತ ಕೇಳಿದರು. ಕುಡಿತ, ತಂಬಾಕು ಎಷ್ಟೋ ಜನ ಅದರೊಳಗೆ ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಮಹಾಂತ ಜೋಳಿಗೆಯ ಹೆಸರು ಈ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ಮೆಚ್ಚಿನ ಹಾಡೂ ಅಂಥದ್ದೇ ಒಂದು ಜೋಳಿಗೆ.

ತಂಗಿ ಕೊಂಡಿ ಹಾಕುತ್ತ ಕುಳಿತಿದ್ದಳು. ಇಳಕಲ್ಲ ಸೀರೆ ಉಟ್ಟವರಿಗೂ ಇದು ಗೊತ್ತಿರುವುದಿಲ್ಲ: ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೇ ನೇಯ್ಗೆ. ಒಂದು ಎಳೆ ತಪ್ಪಿದರೂ ಸೆರಗು ಕೆಡುತ್ತದೆ. ಅದಕ್ಕೆ ಅವಳು ತಲೆ ಎತ್ತಲಿಲ್ಲ.

"ತಂಗಿ, ನಿನ್ನ ಪಾಲು ಕೊಡಾಕ ಬಂದೀನವ್ವಾ" ಅಂದ.

"ರೊಕ್ಕದ ಮಾತು ಆಮ್ಯಾಲೆ ಅಣ್ಣಾ. ಮನಿ ನೀರಾಗ ಹೋತು, ಅದು ಗೊತ್ತೈತಿ. ನೀ ಎಲ್ಲಿ ಹೋಗಿದ್ದಿ?"

ಯಜಮಾನನ ಹತ್ತಿರ ಉತ್ತರ ಇರಲಿಲ್ಲ. ಎಳೆ ಮುಗಿಯುವತನಕ ಅವಳ ಎದುರಿಗೆ ಕುಳಿತ.

ಅರ್ಧ ರೊಕ್ಕ ಅವಳ ಹೆಸರಿಗೆ ಬ್ಯಾಂಕಿಗೆ ಹೋಯಿತು. ಸುಲಭವಾಗಿ ಅಲ್ಲ. ಮಗ ಎರಡು ತಿಂಗಳು ಅಪ್ಪನ ಸಂಗಡ ಮಾತು ಬಿಟ್ಟ, ಸೊಸೆ ಪಾತ್ರೆ ಸಪ್ಪಳ ಮಾಡಿದಳು. ಗುಡಿ ಸಣ್ಣದಾಗಿ ಆಯಿತು, ಕಳಸ ಊರ ಪಟ್ಟಿಯಿಂದ ಆಮೇಲೆ ಬಂತು. ಹೆಸರು ಕೆತ್ತಿಸಿದ ಕಲ್ಲನ್ನು ಮಗುಚಿ ನಳದ ಹತ್ತಿರ ಹಾಕಿದರು, ಅದರ ಮೇಲೆ ಹೆಣ್ಣುಮಕ್ಕಳು ಅರಿವೆ ಒಗೆಯುತ್ತಾರೆ.

ಆ ವರ್ಷದ ಪಂಚಮಿಗೆ ತಂಗಿ ಬಂದಳು. ಹೊಸ ಊರಿನಲ್ಲಿ ಗಿಡ ಇನ್ನೂ ಆಳೆತ್ತರ ಬೆಳೆದಿರಲಿಲ್ಲ, ಜೋಕಾಲಿ ಕಟ್ಟಲಿಕ್ಕೆ ಟೊಂಗೆ ಎಲ್ಲಿಯದು? ಭಜನಿ ಶೆಡ್ಡಿನ ಕಬ್ಬಿಣದ ಅಡ್ಡಪಟ್ಟಿಗೇ ಹಗ್ಗ ಹಾಕಿದರು. ಹಗಲೆಲ್ಲ ಹೆಣ್ಣುಮಕ್ಕಳು ಆಡಿದರು, ಉಂಡಿ ಹಂಚಿದರು. ಮುಂದಿನ ಸೋಮವಾರ ಅದೇ ಶೆಡ್ಡಿನಲ್ಲಿ ಯಜಮಾನ ತಾಳ ಹಿಡಿದು ಕುಳಿತ. ವಚನದ ಮೊದಲನೇ ಮಾತು ಬಂದಾಗ ಈ ಸಲ ಯಾರ ಕಡೆಗೂ ನೋಡಲಿಲ್ಲ. ದನಿ ತಗ್ಗಿಸಿ ಹೇಳಿ ಮುಂದೆ ಹೋದ.