ಇಷ್ಟಪಟ್ಟಿದ್ದಕ್ಕೆ ಫೀಸು ತಗೋಬಹುದಾ?

ಹಾಸನದಲ್ಲಿ ಒಂದು ಭರತನಾಟ್ಯ ಶಾಲೆ ತೆರೀತೀನಿ ಅಂತ ಹೇಳಿದ ಮೇಲೆ ನನಗೆ ಎರಡು ಬಗೆಯ ಬುದ್ಧಿವಾದ ಸಿಕ್ಕಿತು. ಬೆಂಗಳೂರಿನ ಆಫೀಸಿನ ಗೆಳೆಯರು, "ಪ್ಯಾಶನ್ನನ್ನೇ ಪ್ರೊಫೆಶನ್ ಮಾಡ್ಕೊಳ್ಳೋ ಅದೃಷ್ಟ ಎಷ್ಟು ಜನಕ್ಕಿದೆ ಹೇಳು, ಕಣ್ಣು ಮುಚ್ಕೊಂಡು ಮಾಡು" ಅಂದರು. ಮೊಸಳೆಯಲ್ಲಿರುವ ಸೋದರಮಾವ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಣಿಯೋದು ಬೇಡ ಅನ್ನಲ್ಲ ಕಣವ್ವ, ಕಲಿಸೋದೂ ಒಳ್ಳೇದೇ. ಆದ್ರೆ ದುಡ್ಡಿಸ್ಕೊಂಡಾ? ವಿದ್ಯೆ ಮಾರ್ಕೋಬಾರ್ದು" ಅಂದರು.

ಆರನೇ ವಯಸ್ಸಿಗೆ ತಟ್ಟಡವು ಶುರುಮಾಡಿದವಳು ನಾನು. ಓದು, ಕೆಲಸ, ಬಾಡಿಗೆ ಮನೆ ಎಲ್ಲ ಬದಲಾದರೂ ಬೆಳಗಿನ ಅಭ್ಯಾಸ ಬಿಟ್ಟಿಲ್ಲ. ಹಾಗಾಗಿ ಗೆಳೆಯರ ಉತ್ಸಾಹ ನನಗೆ ಅರ್ಥವಾಗುತ್ತೆ. ಮಾವನ ಮುಜುಗರವೂ ಅರ್ಥವಾಗುತ್ತೆ. ಇಷ್ಟಪಟ್ಟಿದ್ದರಿಂದ ದುಡಿಯೋದು ತಪ್ಪಾ, ಸರಿಯಾ? ನಮ್ಮ ವಯಸ್ಸಿನ ಬಹಳಷ್ಟು ಜನ ಈ ಪ್ರಶ್ನೆ ಹೊತ್ಕೊಂಡೇ ಓಡಾಡ್ತಿದ್ದಾರೆ. ಕೆಲವರಿಗೆ ಫೋಟೋಗ್ರಫಿ, ಕೆಲವರಿಗೆ ಅಡುಗೆ, ನನಗೆ ನೃತ್ಯ.

ಮಾವನ ಮಾತು ತೀರಾ ಹಳೇ ಕಾಲದ್ದು ಅಂತ ನಾವು ಅಂದ್ಕೋತೀವಿ. ಆದರೆ ಅದು ಅಷ್ಟೇನೂ ಹಳೇದಲ್ಲ. ಅವರ ಊರಲ್ಲೇ ಹೊಯ್ಸಳರ ಜೋಡಿ ದೇವಾಲಯಗಳಿವೆ, ನಾಗೇಶ್ವರ ಮತ್ತು ಚೆನ್ನಕೇಶವ. ಆ ಕಾಲದ ಶಾಸನಗಳಲ್ಲಿ 'ಅಂಗಭೋಗ, ರಂಗಭೋಗ' ಅನ್ನೋ ಜೋಡಿಪದ ಮತ್ತೆ ಮತ್ತೆ ಬರುತ್ತೆ. ದೇವರ ಪೂಜೆ, ಅಲಂಕಾರದ ಖರ್ಚು ಒಂದು ಕಡೆ, ದೇವರ ಮುಂದಿನ ಹಾಡು, ಕುಣಿತ, ವಾದ್ಯದ ಖರ್ಚು ಇನ್ನೊಂದು ಕಡೆ. ಎರಡಕ್ಕೂ ಭೂಮಿ ದತ್ತಿ ಬಿಡುತ್ತಿದ್ದರು. ಇವತ್ತಿನ ಭಾಷೇಲಿ ಹೇಳೋದಾದ್ರೆ ಕುಣಿತಕ್ಕೆ ಬಜೆಟ್ ಇತ್ತು.

1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವನ್ನೇ ನೋಡಿ. ಅಲ್ಲಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಕಲ್ಲು ಕೆತ್ತೋದೇ ಅವರ ಕಸುಬು, ಅದರಿಂದಲೇ ಬದುಕಿದವರು. ಅವರು ಶಿಲ್ಪವನ್ನ ಮಾರ್ಕೊಂಡರು ಅಂತ ಆ ಮೂರ್ತಿಗಳ ಮುಂದೆ ನಿಂತು ಯಾರೂ ಹೇಳಲ್ಲ. ಅದೇ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಅಂತ ಹೊಗಳುತ್ತವೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದವಳು ಅವಳು. ರಾಣಿಯ ನೃತ್ಯಕ್ಕೆ ಹೊಗಳಿಕೆ, ಗುಡಿಯ ಪಾತ್ರದವಳ ನೃತ್ಯಕ್ಕೆ ಭೂಮಿ. ಎರಡೂ ಕಲ್ಲಿನ ಮೇಲೆ ಬಂದಿವೆ, ಯಾವುದಕ್ಕೂ ನಾಚಿಕೆ ಇರಲಿಲ್ಲ.

ನಾಚಿಕೆ ಬಂದಿದ್ದು ತೀರಾ ಈಚೆಗೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ನರ್ತಕಿಯರ ವಿರುದ್ಧ ಚಳವಳಿ ಎದ್ದಿತು. 1909ರ ಸುಮಾರಿಗೆ ಮೈಸೂರು ಸಂಸ್ಥಾನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಆ ಪದ್ಧತಿಯೊಳಗೆ ಹೆಣ್ಣುಮಕ್ಕಳ ಶೋಷಣೆ ಇದ್ದದ್ದು ನಿಜ. ಅದು ಹೋಗಬೇಕಿತ್ತು, ಹೋಗಿದ್ದು ಒಳ್ಳೇದೇ ಆಯ್ತು. ಆದರೆ ಶೋಷಣೆಯ ಜೊತೆಗೆ ಇನ್ನೊಂದು ಹೋಯಿತು: ಕುಣಿದು ಸ್ವಂತ ಅನ್ನ ದುಡಿಯುತ್ತಿದ್ದ ಹೆಂಗಸಿನ ಮರ್ಯಾದೆ. ಮುಂದೆ ಅದೇ ನೃತ್ಯ ಮೇಲ್ಜಾತಿಯ ಮಧ್ಯಮವರ್ಗದ ಮನೆಗಳಿಗೆ ಬಂದಾಗ ಒಂದು ಷರತ್ತು ಹೊತ್ತು ಬಂತು. ಮಗಳು ಕಲೀಲಿ, ಸ್ಟೇಜ್ ಮೇಲೆ ಕುಣೀಲಿ, ಆದರೆ ಅದರಿಂದ ದುಡಿಯೋದು ಬೇಡ. ದುಡ್ಡಿಗೆ ಕುಣಿಯೋಳು 'ಅಂಥವಳು', ಇಷ್ಟಕ್ಕೆ ಕುಣಿಯೋಳು ಕಲಾವಿದೆ. ಮಾವನ ಮಾತಿನ ಹಿಂದೆ ಈ ಚರಿತ್ರೆ ಇದೆ. ಅವರಿಗೆ ಅದು ಗೊತ್ತಿಲ್ಲ, ಪಾಪ. ಅವರಿಗೆ ಅದು ಬರೀ ಸಂಸ್ಕಾರ.

ಆ ಷರತ್ತನ್ನು ಬದುಕಿನಲ್ಲೇ ಮುರಿದು ತೋರಿಸಿದವರು ಕೆ. ವೆಂಕಟಲಕ್ಷಮ್ಮ. 1906ರಲ್ಲಿ ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ಕಲಿಯೋಕೆ ಶುರುಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರು, ಜಯಚಾಮರಾಜ ಒಡೆಯರು ಇಬ್ಬರ ಆಸ್ಥಾನದಲ್ಲೂ ವಿದುಷಿಯಾಗಿದ್ದರು. ಅಭಿನಯ ಅಂದರೆ ವೆಂಕಟಲಕ್ಷಮ್ಮ ಅನ್ನುವಷ್ಟು ಹೆಸರಾಯಿತು. ಆಸ್ಥಾನದ ಕಾಲ ಮುಗಿದ ಮೇಲೆ ಅವರು ಮನೇಲಿ ಕೂತು ಹಳೇದನ್ನ ನೆನೆಸಿಕೊಳ್ಳಲಿಲ್ಲ. ಭಾರತೀಯ ನೃತ್ಯ ನಿಕೇತನ ಅನ್ನೋ ಸ್ವಂತ ಶಾಲೆ ತೆರೆದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ಶುರುಮಾಡಿದಾಗ ಅಲ್ಲಿ ರೀಡರ್ ಆಗಿ ಸೇರಿದರು. 1992ರಲ್ಲಿ ಪದ್ಮಭೂಷಣ ಬಂತು, 2002ರಲ್ಲಿ ತೀರಿಕೊಂಡರು. ಅರಮನೆಯ ಸಂಭಾವನೆ, ಶಾಲೆಯ ಫೀಸು, ಯೂನಿವರ್ಸಿಟಿ ಸಂಬಳ. ಕೊಡೋರು ಬದಲಾದರು, ಕೊಟ್ಟಿದ್ದು ನೃತ್ಯಕ್ಕೇ. ಅವರ ಪ್ರೀತಿ ಇದರಿಂದ ಮೈಲಿಗೆಯಾಯ್ತು ಅನ್ನೋಕೆ ಬಾಯಿ ಬರುತ್ತಾ?

ಹಾಗಾದರೆ ಗೆಳೆಯರ ಮಾತೇ ಸರಿ ಅಂತಲಾ? ಅಲ್ಲೂ ನನಗೆ ಒಂದು ತೊಡಕು ಕಾಣುತ್ತೆ. ಗೆಳೆಯರು ಮಾತಾಡಿದ್ದು ನನ್ನ ಖುಷಿಯ ಬಗ್ಗೆ, ಮಾವ ಮಾತಾಡಿದ್ದು ನನ್ನ ಶುದ್ಧಿಯ ಬಗ್ಗೆ. ಇಬ್ಬರ ಚಿತ್ರದಲ್ಲೂ ನಾನೊಬ್ಬಳೇ ಇದ್ದೀನಿ. ಶಾಲೆಗೆ ಬರೋ ಮಗು ಎಲ್ಲಿದೆ?

ಲೆಕ್ಕ ಹಾಕಿ ನೋಡೋಣ. ನಾನು ನೋಡಿರೋ ಹಾಲ್‌ಗೆ ತಿಂಗಳಿಗೆ 12,000 ರೂಪಾಯಿ ಬಾಡಿಗೆ. ಫೀಸು ತಿಂಗಳಿಗೆ 800 ಅಂತ ಇಟ್ಕೊಳ್ಳಿ. ಹದಿನೈದು ಮಕ್ಕಳು ಬಂದರೆ ಬಾಡಿಗೆ ಹುಟ್ಟಿತು. ಕರೆಂಟು, ಓಡಾಟ, ನನ್ನ ಊಟ ಎಲ್ಲ ಹದಿನಾರನೇ ಮಗುವಿನಿಂದ ಶುರು. ಈಗ ಆ ಹದಿನಾರರಲ್ಲಿ ಒಂದು ಹುಡುಗಿ ಇದ್ದಾಳೆ, ಮೂರು ವರ್ಷದಿಂದ ಬರ್ತಿದ್ದಾಳೆ. ಅರೆಮಂಡಿ ಇನ್ನೂ ನಿಲ್ಲಲ್ಲ, ನಾಟಡವು ಮಾಡುವಾಗ ತಾಳ ಜಾರುತ್ತೆ. ಅವರಮ್ಮ ಬಂದು, "ಮೇಡಂ, ಬರೋ ವರ್ಷ ರಂಗಪ್ರವೇಶ ಮಾಡ್ಸಿಬಿಡೋಣ, ಆಮೇಲೆ ಟೆಂತ್ ಬರುತ್ತೆ, ಖರ್ಚಿನ ಬಗ್ಗೆ ಯೋಚ್ನೆ ಮಾಡ್ಬೇಡಿ" ಅಂತಾರೆ. ನಾನು "ಇನ್ನೂ ಇಲ್ಲಮ್ಮ" ಅನ್ನಬೇಕು. ಅಂದರೆ ಅವರು ಪಕ್ಕದ ಬೀದಿಯ ಕ್ಲಾಸಿಗೆ ಹೋಗಬಹುದು. ಆಗ ಆ 'ಇನ್ನೂ ಇಲ್ಲ'ದ ಬೆಲೆ ತಿಂಗಳಿಗೆ 800 ರೂಪಾಯಿ. ಜೊತೆಗೆ ಅವಳ ಇಬ್ಬರು ಗೆಳತಿಯರೂ ಹೋದರೆ 2,400.

ನನಗೆ ಕಾಣೋ ಅಪಾಯ ಇದು. ದುಡ್ಡು ಮುಟ್ಟಿದರೆ ನೃತ್ಯ ಕೆಡಲ್ಲ. ಕೆಡೋದು ಗುರುವಿನ ನಾಲಿಗೆ. ಫೀಸು ನನ್ನ ಸಮಯಕ್ಕೆ, ಹಾಲ್‌ಗೆ, ದಿನಾ ತಟ್ಟುಕೋಲು ಹಿಡಿದು ಕೂರೋ ಶ್ರಮಕ್ಕೆ. ಅದನ್ನ ತಗೊಳ್ಳೋಕೆ ಸಂಕೋಚ ಬೇಕಿಲ್ಲ. ಮಗು ತಯಾರಾಗಿದೆಯೋ ಇಲ್ಲವೋ ಅನ್ನೋ ತೀರ್ಪು ಮಾತ್ರ ಫೀಸಿನೊಳಗೆ ಸೇರಬಾರದು. ವಾರ್ಷಿಕೋತ್ಸವದ ಮುಂದಿನ ಸಾಲು, ರಂಗಪ್ರವೇಶದ ದಿನಾಂಕ, "ತುಂಬಾ ಚೆನ್ನಾಗಿ ಮಾಡ್ತಾಳೆ" ಅನ್ನೋ ಮಾತು, ಇವನ್ನ ಮಾರಿದ ದಿನ ಮಾವ ಹೇಳಿದ ಅರ್ಥದಲ್ಲೇ ವಿದ್ಯೆ ಮಾರಿದ ಹಾಗೆ. ಮಾವನ ಆತಂಕ ನಿಜ. ಅವರು ಬೊಟ್ಟು ಮಾಡಿದ ಜಾಗ ಮಾತ್ರ ತಪ್ಪು.

ಈ ತೀರ್ಪನ್ನ ಕಾಪಾಡ್ಕೊಳ್ಳೋಕೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಯು.ಎಸ್. ಕೃಷ್ಣರಾವ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ ಕಲಿತು, ಪತ್ನಿ ಚಂದ್ರಭಾಗಾದೇವಿಯವರ ಜೊತೆ 1942ರಲ್ಲಿ ಬೆಂಗಳೂರಿನಲ್ಲಿ 'ಮಹಾಮಾಯಾ' ಶಾಲೆ ತೆರೆದರು. ಪಾಠ ಹೇಳೋ ಕೆಲಸವೂ ನಡೆದಿತ್ತು, ಗೆಜ್ಜೆಯೂ ನಡೆದಿತ್ತು. ಪ್ರೊತಿಮಾ ಬೇಡಿ ಇದಕ್ಕೆ ತದ್ವಿರುದ್ಧ. ಇಪ್ಪತ್ತಾರರ ವಯಸ್ಸಿಗೆ ಒಡಿಸ್ಸಿ ನೋಡಿ ಮರುಳಾಗಿ, ಕೇಳುಚರಣ ಮಹಾಪಾತ್ರರ ಶಿಷ್ಯೆಯಾಗಿ, ಕೊನೆಗೆ 1990ರಲ್ಲಿ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಶುರುಮಾಡಿದರು. ಇದ್ದಿದ್ದೆಲ್ಲ ಅದಕ್ಕೇ ಸುರಿದರು. ಕೆಲವು ವರ್ಷಗಳಲ್ಲೇ ಅದನ್ನ ಶಿಷ್ಯರ ಕೈಗೆ ಬಿಟ್ಟು ಹೊರಟೂ ಬಿಟ್ಟರು. 1998ರಲ್ಲಿ ಹಿಮಾಲಯದ ಭೂಕುಸಿತದಲ್ಲಿ ತೀರಿಕೊಂಡರು. ನೃತ್ಯಗ್ರಾಮ ಇವತ್ತಿಗೂ ನಡೀತಿದೆ.

ಈ ಮೂವರಲ್ಲಿ ಯಾರು ಹೆಚ್ಚು ಪ್ರೀತಿಸಿದರು ಅಂತ ಅಳೆಯೋದು ದಡ್ಡತನ. ನನಗೆ ಕಾಣೋದು ಇಷ್ಟೇ: ಶಾಲೆ ತೆರೆದ ಮೇಲೆ ಇಷ್ಟದ ದಿಕ್ಕೇ ಬದಲಾಗುತ್ತೆ. ಇಷ್ಟು ದಿನ ಇಷ್ಟ ಅಂದರೆ ನಾನು ಕುಣಿಯೋದು. ಇನ್ನು ಮೇಲೆ ಇಷ್ಟ ಅಂದರೆ ಸಂಜೆ ಐದರಿಂದ ಎಂಟರವರೆಗೆ ಬೇರೆಯವರ ಹಿಮ್ಮಡಿ ನೋಡೋದು, ಸಾವಿರದ ಒಂದನೇ ಸಲ "ತೈಯಾ ತೈ" ಹೇಳೋದು. ಆ ಹೊತ್ತಲ್ಲಿ ನನ್ನ ನೃತ್ಯ ಇರಲ್ಲ. ಪ್ಯಾಶನ್ನನ್ನ ಪ್ರೊಫೆಶನ್ ಮಾಡ್ಕೋ ಅನ್ನೋರು ಈ ಭಾಗ ಹೇಳೋದೇ ಇಲ್ಲ. ಬೇರೆಯವರು ಚೆನ್ನಾಗಿ ಕುಣಿಯೋದನ್ನ ನೋಡಿ ಖುಷಿಪಡೋಕೆ ಬರದಿದ್ದರೆ, ಸ್ಟುಡಿಯೋ ತೆರೆಯೋದಕ್ಕಿಂತ ಮನೇಲಿ ಅಭ್ಯಾಸ ಮಾಡ್ಕೊಂಡಿರೋದು ಮೇಲು.

ನಾನು ಸದ್ಯಕ್ಕೆ ಕೃಷ್ಣರಾಯರ ದಾರಿ ಹಿಡಿದಿದ್ದೀನಿ. ಹಾಸನದಿಂದಲೇ ಅರ್ಧ ದಿನದ ಕೆಲಸ ಮಾಡೋಕೆ ಕಂಪನಿ ಒಪ್ಪಿದೆ, ಸಂಬಳವೂ ಅರ್ಧ. ಮಾವನಿಗೆ ಇದು ಕೇಳಿ ಸಮಾಧಾನ ಆಯ್ತು, ಇವಳು ನೃತ್ಯದ ದುಡ್ಡಲ್ಲಿ ಊಟ ಮಾಡಲ್ಲ ಅಂತ. ನಾನು ಲ್ಯಾಪ್‌ಟಾಪ್ ಇಟ್ಕೊಂಡಿರೋದು ಅದಕ್ಕಲ್ಲ. ಒಬ್ಬ ತಾಯಿ ಎದುರು ಕೂತು "ಇನ್ನೂ ಎರಡು ವರ್ಷ ಬೇಕಮ್ಮ" ಅನ್ನುವಾಗ ನನ್ನ ಮನಸ್ಸು ಬಾಡಿಗೆ ಲೆಕ್ಕ ಹಾಕದೇ ಇರಲಿ ಅಂತ. ಎಂದಾದರೂ ಆ ಸಂಬಳ ಇಲ್ಲದೆಯೂ ಆ ಮಾತು ಹೇಳೋ ಧೈರ್ಯ ಬಂದರೆ, ಅವತ್ತು ವೆಂಕಟಲಕ್ಷಮ್ಮನವರ ದಾರಿಗೆ ಹೊರಳ್ತೀನಿ. ಆಗ ನೃತ್ಯದ ದುಡ್ಡಲ್ಲೇ ಅಕ್ಕಿ ತಂದು, ಮಾವನನ್ನ ಊಟಕ್ಕೆ ಕರೀತೀನಿ.