ದಾನದ ಆಯುಸ್ಸು

ನಮ್ಮ ಪೂರ್ವಿಕರು ಪುಣ್ಯಕಾರ್ಯಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಯಜ್ಞಾದಿಗಳು ಇಷ್ಟ, ಕೆರೆ, ಬಾವಿ, ಅರವಟ್ಟಿಗೆಗಳು ಪೂರ್ತ. ಕಟ್ಟಿಸಿದವನು ಗತಿಸಿದ ಮೇಲೂ ಕೆರೆಯಲ್ಲಿ ನೀರು ನಿಲ್ಲಬೇಕಷ್ಟೆ. ತೂಬು ಒಡೆದು ಹೂಳು ತುಂಬಿದರೆ ಆ ಲೋಪವು ಯಾರದು? ಕೊಟ್ಟವನದೋ, ಉಳಿಸಿಕೊಳ್ಳದವರದೋ? ಈ ಪ್ರಶ್ನೆಯನ್ನು ಆಧುನಿಕ ಕಾಲದ ಒಂದು ದಾನದ ನಿದರ್ಶನದಿಂದ ವಿಚಾರಿಸೋಣ.

ಅಮೆರಿಕಾ ದೇಶದ ಎಣ್ಣೆಯ ವ್ಯಾಪಾರಿ ಜಾನ್ ಡಿ. ರಾಕ್‌ಫೆಲ್ಲರನು 1909ರಲ್ಲಿ ಅಲ್ಲಿಯ ದಕ್ಷಿಣ ಪ್ರಾಂತಗಳ ಕೊಕ್ಕೆಹುಳುವಿನ ನಿರ್ಮೂಲನಕ್ಕಾಗಿ ಹತ್ತು ಲಕ್ಷ ಡಾಲರುಗಳನ್ನು ಕೊಟ್ಟನು. ಬರಿಗಾಲಿನ ಮೂಲಕ ದೇಹವನ್ನು ಹೊಕ್ಕು, ಕರುಳಿನಲ್ಲಿ ನೆಲಸಿ ರಕ್ತವನ್ನು ಹೀರುವ ಹುಳುವದು. ಐದು ವರ್ಷಗಳ ಕಾಲ ಔಷಧ ಹಂಚಿಕೆಯಾಯಿತು. 1914ರಲ್ಲಿ ಆ ಕಾರ್ಯವು ಮುಗಿದಾಗ ಹುಳುವು ನಿರ್ಮೂಲವಾಗಿರಲಿಲ್ಲ. ಪಾಯಿಖಾನೆಯಿಲ್ಲದ ಕಡೆ, ಗುಣವಾದವರಿಗೇ ರೋಗವು ಮರಳಿ ತಗುಲುತ್ತಿತ್ತು. ಹಾಗಾದರೆ ಹಣವು ವ್ಯರ್ಥವಾಯಿತೆ? ಇಲ್ಲ. ಔಷಧಶಾಲೆಗಳ ವೆಚ್ಚದಲ್ಲಿ ಸ್ಥಳೀಯ ಆಡಳಿತಗಳೂ ಪಾಲು ಕೊಟ್ಟಿದ್ದವು. ಆದುದರಿಂದ ಜನಾರೋಗ್ಯವು ತಮ್ಮ ಹೊಣೆಯೆಂಬ ಅರಿವು ಅಲ್ಲಿ ಬೇರೂರಿತು; ಆರೋಗ್ಯ ಇಲಾಖೆಗಳು ಬಲಗೊಂಡವು. ಔಷಧವು ತೀರಿತು, ಅಭ್ಯಾಸವು ಉಳಿಯಿತು.

ಆತನ ಸಂಪತ್ತು ಶುದ್ಧವೇ ಎಂದು ಕೆಲವರು ಕೇಳುವರು. ಪ್ರತಿಸ್ಪರ್ಧಿಗಳನ್ನು ಅಡಗಿಸಿ ಬೆಳೆದ ಆತನ ಕಂಪೆನಿಯನ್ನು 1911ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಒಡೆಯಿಸಿತು. ದಾನವು ಆ ದೋಷವನ್ನು ತೊಳೆಯಲಾರದು. ಆ ದೋಷವಾದರೂ ಗುಣಹೊಂದಿದ ಮಗುವಿನ ಆರೋಗ್ಯವನ್ನು ಕೆಡಿಸಲಾರದು. ಎರಡೂ ಬೇರೆ ಬೇರೆ ಲೆಕ್ಕಗಳು.

ಈ ದಾನದ ಕೊಂಬೆಯೊಂದು ನಮ್ಮ ಮಲೆನಾಡಿಗೂ ಚಾಚಿತು. ಆತನ ಧನದಿಂದ 1913ರಲ್ಲಿ ಸ್ಥಾಪಿತವಾದ ಪ್ರತಿಷ್ಠಾನವು, 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೊಡಗೂಡಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರು ಜ್ವರದಿಂದ ನರಳಿದಾಗ, ಉಣುಗಿನಿಂದ ಹರಡುವ ಆ ವೈರಸ್ಸನ್ನು ಗುರುತಿಸಿದವರು ಆ ಕೇಂದ್ರದವರೇ. ಪ್ರತಿಷ್ಠಾನವು ಬಹುಕಾಲದ ಹಿಂದೆಯೇ ಕೈಬಿಟ್ಟಿತು. ಕೇಂದ್ರವು 1978ರಲ್ಲಿ ರಾಷ್ಟ್ರೀಯ ಸಂಸ್ಥೆಯಾಗಿ ಇಂದಿಗೂ ನಡೆಯುತ್ತಿದೆ. ಆದರೂ ಮಂಗನ ಕಾಯಿಲೆಯು ಇನ್ನೂ ನಮ್ಮ ನಡುವೆ ಜೀವಗಳನ್ನು ಒಯ್ಯುತ್ತಿದೆ. ದಾನಿಯು ಕೊಟ್ಟದ್ದು ರೋಗದ ಅರಿವನ್ನು. ಅದರಿಂದ ಬಿಡುಗಡೆಯನ್ನು ನಾವೇ ಸಾಧಿಸಬೇಕಾಗಿದೆ.

ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಡಬೇಕೆಂದು ಗೀತೆಯು ದಾನಿಗೆ ವಿಧಿಸುತ್ತದೆ. ಪಾತ್ರನಿಗೂ ಒಂದು ವಿಧಿಯುಂಟು: ಪಡೆದುದನ್ನು ತನ್ನದಾಗಿಸಿ ಮುಂದಕ್ಕೆ ನಡೆಯಿಸುವುದು. ಈ ಮಾತನ್ನು ಪರರಿಗೆ ಹೇಳುವಾಗ ನನಗೇ ಸಂಕೋಚವಾಗುತ್ತದೆ. ನಾನು ವಾರಾನ್ನವನ್ನುಂಡು ಪಾಠಶಾಲೆಯಲ್ಲಿ ಓದಿದವನು. ಎಲೆಯಿಟ್ಟು ಬಡಿಸಿದ ಆ ತಾಯಂದಿರಲ್ಲಿ ಇಂದು ಒಬ್ಬರೂ ಇಲ್ಲ. ಮೂರು ದಶಕಗಳ ಕಾಲ ಮಕ್ಕಳಿಗೆ ಕಲಿಸಿದೆನಾದರೂ, ಹಸಿದು ಬಂದ ಎಷ್ಟು ಹುಡುಗರಿಗೆ ನನ್ನ ಮನೆಯಲ್ಲಿ ಎಲೆ ಹಾಕಿದೆನೆಂದು ಎಣಿಸಿದರೆ, ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತವೆ.