ಎಂಜಿನ್ ರೂಮಿನಲ್ಲಿ ಬಾಳೆಹಣ್ಣು

ನಮ್ಮ ಆಲೂರು, ಸಕಲೇಶಪುರದ ಕಡೆಯವರಿಗೆ ಹಡಗು ಅಂದರೆ ಪಣಂಬೂರಿನ ಬೀಚಿಗೆ ಹೋದಾಗ ದೂರದಲ್ಲಿ ಕಾಣುವ ಒಂದು ಕಪ್ಪು ಗೆರೆ, ಅಷ್ಟೆ. ಶಿರಾಡಿ ಘಾಟಿ ಇಳಿದರೆ ಸಮುದ್ರ ಹತ್ತಿರವೇ. ಆದರೂ ಅದರ ಮೇಲೆ ದುಡಿಯಲು ಹೋದವರು ನಮ್ಮಲ್ಲಿ ಕಡಿಮೆ. ಹಾಗಾಗಿ ನನ್ನ ಸೋದರಮಾವನ ಮಗ ಮೆರೈನ್ ಎಂಜಿನಿಯರ್ ಆದಾಗ ಎಲ್ಲರೂ ಕೇಳಿದ್ದು ಒಂದೇ: 'ಹಡಗು ಓಡಿಸ್ತೀಯಾ?' ಅವನು ಓಡಿಸುವುದಿಲ್ಲ. ಓಡಿಸುವವರು ಮೇಲೆ ಗಾಜಿನ ಹಿಂದೆ ನಿಂತು ಸಮುದ್ರ ನೋಡುತ್ತಿರುತ್ತಾರೆ. ಇವನು ನೀರಿನ ಮಟ್ಟಕ್ಕಿಂತ ಕೆಳಗೆ, 40 ಡಿಗ್ರಿ ದಾಟಿದ ಸೆಕೆಯಲ್ಲಿ, ಕಿವಿ ಮುಚ್ಚಿಕೊಂಡು, ಪಂಪು ಪೈಪುಗಳ ನಡುವೆ ಇರುತ್ತಾನೆ. ವಾರಗಟ್ಟಲೆ ಸಮುದ್ರವೇ ಕಾಣುವುದಿಲ್ಲ ಎಂದು ಅವನು ಹೇಳಿದಾಗ ನಮ್ಮತ್ತೆಗೆ ಒಂಥರಾ ಸಮಾಧಾನವಾಗಿತ್ತು.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರು ಒಂದು ವರ್ಷದ ತರಬೇತಿ ಪಡೆದು ಈ ಕೆಲಸಕ್ಕೆ ಸೇರಬಹುದು; ಪಿಯುಸಿ ನಂತರ ನೇರವಾಗಿ ಹೋಗುವವರಿಗೆ ನಾಲ್ಕು ವರ್ಷದ ಪದವಿ ಇದೆ. ಆಮೇಲೆ ಹಡಗಿನಲ್ಲಿ ಟ್ರೇನಿಯಾಗಿ ದುಡಿದು, 'ಕ್ಲಾಸ್ ಫೋರ್' ಪರೀಕ್ಷೆಯ ಬರಹ, ಮೌಖಿಕ ಎರಡನ್ನೂ ದಾಟಬೇಕು. ಇವೆಲ್ಲ ಎಲ್ಲಾದರೂ ಓದಿ ತಿಳಿಯುವ ಸಂಗತಿ. ಓದಿ ತಿಳಿಯದ್ದು ಅಲ್ಲಿನ ಶ್ರೇಣಿ. ಭಾರತೀಯರಿರುವ ಹಡಗುಗಳಲ್ಲಿ ಚೀಫ್ ಎಂಜಿನಿಯರ್ 'ಬಡಾ ಸಾಬ್', ಥರ್ಡ್ ಎಂಜಿನಿಯರ್ 'ತೀನ್ ಸಾಬ್', ಫೋರ್ತ್ 'ಚಾರ್ ಸಾಬ್'. ಹೆಸರು ಹೋಗಿ ನಂಬರು ಉಳಿಯುತ್ತದೆ. ಮೇಲಿನ ನಂಬರು ಹೇಳಿದ್ದನ್ನು ಕೆಳಗಿನ ನಂಬರು ಮೊದಲು ಮಾಡಬೇಕು, ಪ್ರಶ್ನೆ ಆಮೇಲೆ.

ಈ ವಿಧೇಯತೆಯನ್ನು ಹಗುರವಾಗಿ ಆಡಿಕೊಳ್ಳುವಂತಿಲ್ಲ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಿಮಗಡ್ಡೆಗೆ ಬಡಿದು, ಎರಡೂವರೆ ತಾಸಿಗೂ ಹೆಚ್ಚು ಹೊತ್ತು ತೇಲಿತು. ಬಹುಪಾಲು ಕೊನೆಯವರೆಗೂ ದೀಪ ಉರಿಯುತ್ತಿತ್ತು. ಉರಿಸಿದವರು ಚೀಫ್ ಎಂಜಿನಿಯರ್ ಜೋಸೆಫ್ ಬೆಲ್ ಮತ್ತು ಅವನ ಕೈಕೆಳಗಿನವರು. ಆ ಎಂಜಿನಿಯರುಗಳಲ್ಲಿ ಒಬ್ಬನೂ ಬದುಕಿ ಬರಲಿಲ್ಲ. 'ನಾನ್ಯಾಕೆ ಕೆಳಗಿರಬೇಕು?' ಎಂದು ಪ್ರತಿಯೊಬ್ಬನೂ ತರ್ಕ ಮಾಡಿದ್ದರೆ ಕತ್ತಲಲ್ಲಿ ದೋಣಿ ಇಳಿಸುವವರ ಗತಿ ಏನಾಗುತ್ತಿತ್ತು?

ನನ್ನನ್ನು ಕಾಡುವುದು ಇದರ ಇನ್ನೊಂದು ಮುಖ. ಬೆಂಕಿ ಬಿದ್ದಾಗ ಕೈಯನ್ನು ನಡುಗದಂತೆ ಮಾಡುವ ಅದೇ ತರಬೇತಿ, ತಪ್ಪು ಮಾಡು ಎಂದಾಗಲೂ ಕೈಯನ್ನು ನಡುಗದಂತೆ ಮಾಡುತ್ತದೆಯೇ?

ಎಂಜಿನ್ ರೂಮಿನ ತಳದಲ್ಲಿ ಸೋರಿದ ನೀರು, ಎಣ್ಣೆ, ಗ್ರೀಸು ಸೇರಿಕೊಳ್ಳುತ್ತದೆ. ಅದಕ್ಕೆ ಬಿಲ್ಜ್ ಅನ್ನುತ್ತಾರೆ. ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಹತ್ತು ಲಕ್ಷ ಭಾಗ ನೀರಿನಲ್ಲಿ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಇದ್ದರೆ ಅದನ್ನು ಸಮುದ್ರಕ್ಕೆ ಬಿಡುವಂತಿಲ್ಲ. ಬೇರ್ಪಡಿಸಲು ಯಂತ್ರವಿದೆ, ಅಳೆಯಲು ಮೀಟರಿದೆ, ಹೆಚ್ಚಾದರೆ ನೀರನ್ನು ಟ್ಯಾಂಕಿಗೇ ತಿರುಗಿಸುವ ವಾಲ್ವಿದೆ. ಪ್ರತಿ ಸಲವೂ ಎಣ್ಣೆ ದಾಖಲೆ ಪುಸ್ತಕದಲ್ಲಿ ಬರೆದು, ಹೊಣೆಗಾರ ಅಧಿಕಾರಿ ಸಹಿ ಹಾಕಬೇಕು. ಆದರೆ ಯಂತ್ರ ನಿಧಾನ, ಫಿಲ್ಟರು ದುಬಾರಿ, ಬಂದರಿನಲ್ಲಿ ಗಲೀಜು ಇಳಿಸಲು ದುಡ್ಡು ಕೊಡಬೇಕು. ಆದ್ದರಿಂದ ಕೆಲವು ಹಡಗುಗಳಲ್ಲಿ ಯಂತ್ರವನ್ನು ಬಳಸಿ ಹೋಗುವ ಒಂದು ಗುಟ್ಟಿನ ಪೈಪು. ನಾವಿಕರು ಇಟ್ಟ ಹೆಸರು 'ಮ್ಯಾಜಿಕ್ ಪೈಪ್'.

ಇಲ್ಲಿ ಕನಕದಾಸರ ಬಾಳೆಹಣ್ಣಿನ ಕತೆ ನೆನಪಾಗುವುದು ಸಹಜ. ಯಾರೂ ನೋಡದ ಕಡೆ ಹೋಗಿ ಹಣ್ಣು ತಿನ್ನಿ ಅಂದರೆ, ದೇವರು ನೋಡದ ಜಾಗವೇ ಸಿಗಲಿಲ್ಲ ಎಂದು ಹಾಗೇ ವಾಪಸು ತಂದವರು ಅವರು. ಗ್ರೀಕರ ಪ್ಲೇಟೋ ಕೂಡ ಅದೃಶ್ಯನಾಗಿಸುವ ಉಂಗುರದ ಕತೆಯಲ್ಲಿ ಇದೇ ಪ್ರಶ್ನೆ ಎತ್ತಿದ. ಎರಡೂ ಕತೆಗಳಲ್ಲಿ ಮನುಷ್ಯ ಒಬ್ಬನೇ. ಎಂಜಿನ್ ರೂಮಿನಲ್ಲಿ ಹಾಗಲ್ಲ. ಪೈಪು ವೆಲ್ಡ್ ಮಾಡುವವನೊಬ್ಬ, ಬೋಲ್ಟು ಬಿಗಿಯುವವನೊಬ್ಬ, ಪುಸ್ತಕದಲ್ಲಿ ಸುಳ್ಳು ಬರೆಯುವವನೊಬ್ಬ. ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದಾರೆ. ನೋಡುವ ಪ್ರತಿಯೊಬ್ಬನ ಮುಂದಿನ ಕಾಂಟ್ರ್ಯಾಕ್ಟೂ ಹಣ್ಣು ತಿನ್ನು ಅಂದವನ ಕೈಯಲ್ಲಿದೆ. ಈ ಪರೀಕ್ಷೆ ಕನಕರಿಗೆ ಬಂದಿರಲಿಲ್ಲ.

ನಮ್ಮ ಹುಡುಗನಿಗೆ ಬಂತು. ಕಂಪನಿಯ ಹೆಸರು ಬೇಡ. ಫೋರ್ತ್ ಎಂಜಿನಿಯರಾಗಿದ್ದಾಗ ಒಂದು ರಾತ್ರಿ ಸೆಕೆಂಡ್ ಎಂಜಿನಿಯರ್ ಬಂದು ಪೈಪು ಹಾಕಲು ಹೇಳಿದರಂತೆ. 'ನಾನು ಆಗಲ್ಲ ಅನ್ನಲಿಲ್ಲ ಬಾವ. ಲಾಗ್ ಪುಸ್ತಕದಲ್ಲಿ ಬರೆದು ಸೈನ್ ಹಾಕಿಬಿಡಿ ಸಾಬ್, ಈಗಲೇ ಹಾಕ್ತೀನಿ ಅಂದೆ.' ಆತ ಸ್ವಲ್ಪ ಹೊತ್ತು ಇವನ ಮುಖ ನೋಡಿ, 'ಇಷ್ಟು ದೊಡ್ಡ ಸಮುದ್ರಕ್ಕೆ ನಮ್ಮದೊಂದು ಬಕೆಟ್' ಎಂದು ಹೇಳಿ ಮೇಲೆ ಹೋದರಂತೆ. ಇವನ ವಾಚಿನಲ್ಲಿ ಪೈಪು ಬರಲಿಲ್ಲ. ಬೇರೆ ವಾಚಿನಲ್ಲಿ? 'ಹೋಗಿ ನೋಡಲಿಲ್ಲ' ಅಂದ. ಆ ಕಂಪನಿ ಮತ್ತೆ ಇವನನ್ನು ಕರೆಯಲಿಲ್ಲ.

ಇದು ಧೈರ್ಯವೋ ಜಾರಿಕೊಳ್ಳುವಿಕೆಯೋ? 2013ರಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗಿಗೆ ಹೊಸದಾಗಿ ಸೇರಿದ್ದ ಕಿರಿಯ ಎಂಜಿನಿಯರ್ ಒಬ್ಬ ಇಂಥದೇ ಪೈಪು ಕಂಡು, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಕೆಲಸ ಬಿಟ್ಟಿಳಿದು ಅಧಿಕಾರಿಗಳಿಗೆ ತಿಳಿಸಿದ. 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಅಮೆರಿಕದ ಕಾನೂನಿನಂತೆ ಅವನಿಗೆ 10 ಲಕ್ಷ ಡಾಲರ್ ಬಹುಮಾನ ಸಿಕ್ಕಿತು. ದುಡ್ಡು ಬಂದ ಮೇಲೆ ಅದೆಂಥ ನೀತಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಡಗಿನಿಂದ ಇಳಿಯುವಾಗ ಅವನ ಕೈಯಲ್ಲಿದ್ದದ್ದು ಬ್ಯಾಗು ಮಾತ್ರ. ಅವನ ಎದುರು ನಮ್ಮ ಹುಡುಗನ 'ಬರೆದು ಕೊಡಿ' ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಮನೆಯಲ್ಲಿ ತಂಗಿಯ ಮದುವೆ ಸಾಲವಿದ್ದವನ ಕೈಗೆ ನಿಲುಕುವಷ್ಟು ಎತ್ತರದ ನೀತಿ ಅದು. ಎಲ್ಲರ ಕೈಗೂ ನಿಲುಕದ ಎತ್ತರದಲ್ಲೇ ನೀತಿಯನ್ನು ಇಟ್ಟರೆ ಕೆಳಗಿದ್ದವರೆಲ್ಲ ಬೋಲ್ಟು ಬಿಗಿಯುತ್ತಲೇ ಇರುತ್ತಾರೆ.

ಅವನು ರಜೆಗೆ ಬಂದದ್ದು ಜನವರಿಯಲ್ಲಿ. ಹಣ್ಣು ಕುಯ್ಲಿನ ಕಾಲ. ಮಾವನ ತೋಟದಲ್ಲಿ ಸಣ್ಣ ಪಲ್ಪರ್ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜದ ಲೋಳೆ ತೊಳೆದ ನೀರು ಹುಳಿ ನಾರುತ್ತದೆ; ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕ ಹೀರಿ ಮೀನು ಸಾಯಿಸುತ್ತದೆ. ಗುಂಡಿ ತೋಡಿ ಅದರಲ್ಲಿ ನಿಲ್ಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ರಾತ್ರಿ ಹಳ್ಳಕ್ಕೆ ಬಿಡುವವರೂ ಇದ್ದಾರೆ. ನಮ್ಮ ಸೀಮೆಯ ನೀರು ಎರಡು ದಾರಿ ಹಿಡಿಯುತ್ತದೆ. ಬಿಸಿಲೆಯ ಏಣಿನ ಆಚೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಈಚೆ ಬಿದ್ದದ್ದು ಹೇಮಾವತಿಯಾಗಿ, ಗೊರೂರು ದಾಟಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಹಳ್ಳಕ್ಕೆ ಬಿಟ್ಟದ್ದು ಯಾವುದೋ ಒಂದು ಸಮುದ್ರದ ಕಡೆಗೇ ಹರಿಯುತ್ತದೆ.

'ಅಪ್ಪ, ಆ ನೀರನ್ನ ಗುಂಡಿಗೆ ಬಿಡಬೋದಲ್ಲ' ಅಂದ ಊಟಕ್ಕೆ ಕೂತಾಗ. ಮಾವ ತಲೆಯೆತ್ತದೆ, 'ನಮ್ಮೊಬ್ಬರ ನೀರು ನಿಲ್ಲಿಸಿದ್ರೆ ಹೇಮಾವತಿ ತಿಳಿಯಾಗ್ತಾಳೇನೋ?' ಅಂದರು. ಸೆಕೆಂಡ್ ಎಂಜಿನಿಯರನ ಮಾತೇ. ಅಲ್ಲಿ ಇವನ ಬಳಿ ಒಂದು ಉತ್ತರವಿತ್ತು. ಇಲ್ಲಿ ಅಪ್ಪನಿಗೆ ಬರೆದು ಸೈನ್ ಹಾಕು ಅನ್ನಲಾಗುತ್ತದೆಯೇ? ತೋಟದ ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಇರುತ್ತದೆ, ಕುಯ್ದ ಹಣ್ಣಿನ ಕೆಜಿ ಇರುತ್ತದೆ. ನೀರು ಎಲ್ಲಿಗೆ ಹೋಯಿತೆಂಬ ಕಾಲಂ ಇಲ್ಲ. ಅವನು ಅನ್ನಕ್ಕೆ ಸಾರು ಕಲಸಿಕೊಂಡು ಸುಮ್ಮನಾದ.

ಮರುದಿನ ಟೇಪು ಹಿಡಿದು ಪಲ್ಪರ್ ಮನೆಯ ಹಿಂದಿನ ಇಳಿಜಾರು ಅಳೆಯುತ್ತಿದ್ದ. ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದ. ಮಾವ ಕಣದಲ್ಲಿ ಕಾಫಿ ಹರಡಿಸುತ್ತ ಎರಡು ಸಲ ಇತ್ತ ನೋಡಿದರು. ಏನೂ ಕೇಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.